ಇಷ್ಟವಾಗದ ಸಿನಿಮಾದ ಹಿಂದಿನ ಶ್ರಮವನ್ನೂ ಗೌರವಿಸಬೇಕೇ?

ಹಿಡಿಸದ ಸಿನಿಮಾವನ್ನು ಬೈದರೆ ಗೆಳೆಯರು "ಅದರ ಹಿಂದೆ ಎಷ್ಟು ಜನರ ಬೆವರಿದೆ ಗೊತ್ತಾ?" ಎನ್ನುತ್ತಾರೆ, ಹಾಗಾದರೆ ಕೆಟ್ಟದ್ದನ್ನು ಕೆಟ್ಟದ್ದು ಎನ್ನಲೇಬಾರದೇ ಎಂದು ಕೇಳಿದ್ದೀರಿ.

ಧಾರಾಳವಾಗಿ ಹೇಳಿ. ದುಡ್ಡು ಕೊಟ್ಟು, ಎರಡೂವರೆ ಗಂಟೆ ಕೂತು ನೋಡಿದವರಿಗೆ ಆ ಹಕ್ಕು ಇದ್ದೇ ಇದೆ. ಕಷ್ಟಪಟ್ಟಿದ್ದೇವೆ, ಅದಕ್ಕಾದರೂ ಮೆಚ್ಚಿಕೊಳ್ಳಿ ಎಂದು ಪ್ರೇಕ್ಷಕರ ಮುಂದೆ ಕೈಮುಗಿಯುವುದು ನನಗೂ ಸರಿ ಕಾಣುವುದಿಲ್ಲ. ಆದರೂ ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿದೆ. ನಾನು ಚಿತ್ರೀಕರಣ ಮುಗಿದ ಮೇಲಿನ ಧ್ವನಿ ವಿಭಾಗದಲ್ಲಿ ಕೆಲಸ ಮಾಡುವವಳು. ಗೆದ್ದ ಚಿತ್ರಗಳಿಗೂ ದುಡಿದಿದ್ದೇನೆ, ಮೊದಲ ವಾರವೇ ಎತ್ತಂಗಡಿಯಾದ ಚಿತ್ರಗಳಿಗೂ ದುಡಿದಿದ್ದೇನೆ. ಮಾಡುವಾಗ ಎರಡೂ ಒಂದೇ.

ನಾಯಕ ಹಿಮದ ಮೇಲೆ ನಡೆಯುವ ಒಂದು ದೃಶ್ಯ ಇದೆ ಎಂದುಕೊಳ್ಳಿ. ನಿಮಗೆ ಕೇಳುವ ಆ ಕರಕರ ಸದ್ದು ಎಷ್ಟೋ ಸಲ ಹಿಮದ್ದಾಗಿರುವುದೇ ಇಲ್ಲ. ಸ್ಟುಡಿಯೋದಲ್ಲಿ ಒಬ್ಬರು ಪರದೆ ನೋಡುತ್ತಾ, ಕಾರ್ನ್‌ಫ್ಲೋರ್ ತುಂಬಿದ ಚೀಲವನ್ನು ಹೆಜ್ಜೆಗೆ ಸರಿಯಾಗಿ ಅದುಮುತ್ತಿರುತ್ತಾರೆ. ಮೂಳೆ ಮುರಿಯುವ ಸದ್ದು ಬೇಕಾದರೆ ಸೆಲರಿ ಎಂಬ ಸೊಪ್ಪಿನ ಗರಿಗರಿ ದಂಟು ಮುರಿಯುತ್ತಾರೆ. ಇದಕ್ಕೆ ಫೋಲಿ ಎನ್ನುತ್ತೇವೆ. ಮೂಕಿ ಚಿತ್ರಗಳ ಕಾಲ ಮುಗಿಯುತ್ತಿದ್ದ 1920ರ ದಶಕದ ಕೊನೆಯಲ್ಲಿ ಯೂನಿವರ್ಸಲ್ ಸ್ಟುಡಿಯೋದಲ್ಲಿ ಈ ವಿದ್ಯೆಗೆ ದಾರಿ ಹಾಕಿದ ಜ್ಯಾಕ್ ಫೋಲಿ ಅವರಿಂದ ಬಂದ ಹೆಸರು. ಹೆಜ್ಜೆ ಚೂರು ಹಿಂದೆಮುಂದೆ ಆದರೂ ಕಣ್ಣಿಗೆ ಗೊತ್ತಾಗಿಬಿಡುತ್ತದೆ, ಮತ್ತೆ ಮೊದಲಿನಿಂದ ಶುರು. ಸೀರೆಯ ಸರಸರ, ಲೋಟ ಮೇಜಿಗೆ ತಾಗಿದ ಟಕ್ ಅನ್ನುವ ಸದ್ದು, ಕುರ್ಚಿಯ ಕಿರುಗುಟ್ಟುವಿಕೆ ಎಲ್ಲವೂ ಹೀಗೇ ಒಂದೊಂದಾಗಿ ಕೂರಬೇಕು. ಸರಿಯಾಗಿ ಕೂತರೆ ಅದು ಯಾರ ಗಮನಕ್ಕೂ ಬರುವುದಿಲ್ಲ. ಕಥೆ ಸಪ್ಪೆ ಎನ್ನುವುದು ಆ ಕೋಣೆಯಲ್ಲಿ ಕೂತವರಿಗೂ ಎಷ್ಟೋ ಸಲ ತಿಳಿದಿರುತ್ತದೆ. ಹಾಗಂತ ಹೆಜ್ಜೆ ಸದ್ದನ್ನು ಯಾರೂ ಕಾಟಾಚಾರಕ್ಕೆ ಮಾಡುವುದಿಲ್ಲ. ನನಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿದ್ದೇ ಅದನ್ನು ಕಂಡು.

ಗ್ರಾಫಿಕ್ಸ್ ಕಡೆಯವರದ್ದು ಇನ್ನೂ ಕಷ್ಟ. ಸಿನಿಮಾದ ಒಂದು ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರಗಳು. ಸಾಹಸ ದೃಶ್ಯದಲ್ಲಿ ನಟನನ್ನು ಎತ್ತಿಹಿಡಿದ ತಂತಿಯನ್ನು ಅಳಿಸಬೇಕಾದರೆ ಐದು ಸೆಕೆಂಡಿನ ಶಾಟ್‌ಗೆ 120 ಫ್ರೇಮ್ ನೋಡಬೇಕು. ತಂತ್ರಾಂಶ ಎಷ್ಟು ಸಹಾಯ ಮಾಡಿದರೂ ಕೂದಲಿನ ಅಂಚು, ಹಾರುವ ಸೆರಗು ಬಂದ ಕಡೆ ಕೈಯಿಂದಲೇ ತಿದ್ದಬೇಕಾಗುತ್ತದೆ. ಬಿಡುಗಡೆಯ ದಿನಾಂಕ ಮೊದಲೇ ಘೋಷಣೆಯಾಗಿರುತ್ತದೆ, ಶಾಟ್ ಕೈಗೆ ಬರುವುದು ತಡವಾಗಿ. ಕೊನೆಗೆ "ಇದೆಂಥಾ ದರಿದ್ರ ಗ್ರಾಫಿಕ್ಸ್, ಮಾಡಿದವನಿಗೆ ಕಣ್ಣಿಲ್ಲವೇ" ಎಂದು ಬೈಸಿಕೊಳ್ಳುವವನು ಆ ದಿನಾಂಕ ಗೊತ್ತುಮಾಡಿದವನಲ್ಲ.

ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟೇ. ಬೈಯುವಾಗ ಯಾರು ತೀರ್ಮಾನಿಸಿದ್ದನ್ನು ಬೈಯುತ್ತಿದ್ದೀರಿ ಎಂದು ನೋಡಿಕೊಳ್ಳಿ. ಕಥೆಯನ್ನು ಒಪ್ಪಿದವರು, ಎಳೆದಾಡಿದ ದೃಶ್ಯವನ್ನು ಕತ್ತರಿಸದೆ ಉಳಿಸಿಕೊಂಡವರು, ಸಮಯ ಕೊಡದೆ ಕೆಲಸ ಮುಗಿಸಿಕೊಂಡವರು ಟೀಕೆಗೆ ಉತ್ತರಿಸಲೇಬೇಕು. ಲೈಟ್ ಹೊತ್ತವರು, ಫೋಕಸ್ ಹಿಡಿದವರು ಅವರ ಪಾಲಿನ ಕೆಲಸ ಸರಿಯಾಗಿಯೇ ಮಾಡಿರುತ್ತಾರೆ. ನಟಿಯ ಮೈಬಣ್ಣವನ್ನೋ ದಪ್ಪವನ್ನೋ ಆಡಿಕೊಳ್ಳುವುದನ್ನಂತೂ ನಾನು ವಿಮರ್ಶೆ ಎಂದು ಒಪ್ಪುವುದೇ ಇಲ್ಲ.

ಇನ್ನೊಂದು ವಿಷಯ. ನೋಡದೆಯೇ, ಟ್ರೇಲರ್ ನೋಡಿ "ಡಬ್ಬಾ ಸಿನಿಮಾ" ಎಂದು ಬರೆಯುವವರಿಗಿಂತ, ಪೂರ್ತಿ ನೋಡಿ ಕಟುವಾಗಿ ಬರೆದವರ ಮಾತು ನಮಗೆ ಬೇಕು. ನಾನು ಕೆಲಸ ಮಾಡಿದ ಒಂದು ಚಿತ್ರದ ಬಗ್ಗೆ ಪ್ರೇಕ್ಷಕರೊಬ್ಬರು, ಹಿನ್ನೆಲೆ ಸಂಗೀತದ ಅಬ್ಬರದಲ್ಲಿ ಅಮ್ಮನ ಪಾತ್ರದ ಮಾತುಗಳೇ ಕೇಳಿಸುವುದಿಲ್ಲ ಎಂದು ದೃಶ್ಯದ ಸಮೇತ ಬರೆದಿದ್ದರು. ನಮ್ಮ ತಂಡದಲ್ಲಿ ಅದನ್ನು ಎಲ್ಲರೂ ಓದಿದೆವು. ಅವರು ಚಿತ್ರವನ್ನು ಮೆಚ್ಚಿರಲಿಲ್ಲ, ಆದರೆ ಅಷ್ಟು ಕಿವಿಗೊಟ್ಟು ಕೇಳಿದ್ದರು.

ಮುಂದಿನ ಸಲ ಗೆಳೆಯರು ಬೆವರಿನ ಮಾತೆತ್ತಿದರೆ, ಗೊತ್ತು, ಕ್ಯಾಮೆರಾ ಕೆಲಸ ಸೊಗಸಾಗಿತ್ತು, ಆದರೆ ದ್ವಿತೀಯಾರ್ಧದಲ್ಲಿ ಕಥೆಯೇ ಇರಲಿಲ್ಲ ಎಂದು ಹೇಳಿ. ಅವರು ಒಪ್ಪದಿದ್ದರೆ ಯಾವ ದೃಶ್ಯ ಎಂದು ಹಿಡಿದು ವಾದ ಮಾಡಿ.