ಹನ್ನೆರಡು ಲಕ್ಷದ ಆಫರ್ ಮತ್ತು ಲೆಕ್ಕಕ್ಕೆ ಬಾರದ ಸಂಬಳ

ಗಂಡ ಹೆಂಡತಿ ಇಬ್ಬರೂ ನನ್ನ ಬಳಿ ಬಂದದ್ದು ಬೆಂಗಳೂರಿಗೆ ಹೋಗಬೇಕೇ ಬೇಡವೇ ಎಂಬ ಜಗಳ ಬಗೆಹರಿಸಿಕೊಳ್ಳಲು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ದಾವಣಗೆರೆಯಲ್ಲಿ ಸ್ವಂತ ಮನೆ. ಗಂಡನಿಗೆ ತಿಂಗಳಿಗೆ 42 ಸಾವಿರ ಸಂಬಳ, ಖಾಸಗಿ ಶಾಲೆಯಲ್ಲಿ ಪಾಠ ಮಾಡುವ ಆಕೆಗೆ 20 ಸಾವಿರ. ಖರ್ಚೆಲ್ಲ ಕಳೆದು 18 ಸಾವಿರ ಉಳಿಯುತ್ತಿತ್ತು. ಮಗಳು ಒಂದನೇ ತರಗತಿಗೆ ಸೇರಬೇಕು. ಅಷ್ಟರಲ್ಲಿ ಬೆಂಗಳೂರಿನ ಕಂಪನಿಯೊಂದು ಅವರಿಗೆ ವರ್ಷಕ್ಕೆ 12 ಲಕ್ಷ ಸಿಟಿಸಿಯ (ಉದ್ಯೋಗಿಗಾಗಿ ಕಂಪನಿ ಮಾಡುವ ಒಟ್ಟು ವೆಚ್ಚ) ಆಫರ್ ಕೊಟ್ಟಿತು. ‘ತಿಂಗಳಿಗೆ ಲಕ್ಷ ಬಂದರೆ ಸಾಲದೇ?’ ಎಂಬುದು ಗಂಡನ ವಾದ. ಬೆಂಗಳೂರಿನಲ್ಲಿರುವ ಆಕೆಯ ಅಣ್ಣ ‘ಎರಡು ಲಕ್ಷ ಇಲ್ಲದೆ ಬರಲೇಬೇಡಿ’ ಅಂದಿದ್ದ. ಅಣ್ಣನ ಎರಡು ಲಕ್ಷದೊಳಗೆ ಫ್ಲ್ಯಾಟ್ ಸಾಲವೂ ಕಾರಿನ ಕಂತೂ ಇತ್ತು. ಅದು ಅವನ ಬದುಕಿನ ಲೆಕ್ಕ.

ಮೊದಲು ಆಫರ್ ಪತ್ರ ಬಿಡಿಸಿ ನೋಡಿದೆವು. ಕೆಲಸ ನೋಡಿ ಆಮೇಲೆ ಕೊಡುವ ವೇರಿಯಬಲ್ 1.2 ಲಕ್ಷ, ಕಂಪನಿ ಪಾಲಿನ ಪಿಎಫ್, ಗ್ರಾಚ್ಯುಟಿ ತೆಗೆದು, ಇವರ ಪಾಲಿನ ಪಿಎಫ್ ಮತ್ತು ವೃತ್ತಿ ತೆರಿಗೆ ಕಳೆದರೆ ತಿಂಗಳಿಗೆ ಕೈಗೆ ಬರುವುದು 75 ಸಾವಿರದ ಆಸುಪಾಸು. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ಆದಾಯ ತೆರಿಗೆ ಇಲ್ಲದ್ದರಿಂದ ಇಷ್ಟಾದರೂ ಉಳಿಯಿತು. ‘ಪಿಎಫ್ ಉಳಿತಾಯವೇ ಅಲ್ಲವೇ?’ ಎಂದರು ಗಂಡ. ಹೌದು, ಆದರೆ ಜೂನ್‌ನಲ್ಲಿ ಶಾಲೆಯ ಫೀಸು ಕಟ್ಟಲು ಅದು ಕೈಗೆ ಸಿಗದು.

ಖರ್ಚನ್ನು ಅವರೇ ವಿಚಾರಿಸಿಕೊಂಡು ಬಂದಿದ್ದರು. ಮೇಂಟೆನೆನ್ಸ್ ಸೇರಿ ಬಾಡಿಗೆ 28 ಸಾವಿರ. ವರ್ಷಕ್ಕೆ 1.2 ಲಕ್ಷದ ಶಾಲಾ ಫೀಸು ಎಂದರೆ ತಿಂಗಳಿಗೆ 10 ಸಾವಿರ, ವ್ಯಾನಿಗೆ ಎರಡೂವರೆ. ದಿನಸಿ, ಹಾಲು, ತರಕಾರಿ 14. ಓಡಾಟ 4, ನೀರು, ಗ್ಯಾಸ್, ಫೋನು 3. ಗೃಹಜ್ಯೋತಿ ಇರುವುದರಿಂದ ಕರೆಂಟಿಗೆ ಹೆಚ್ಚೇನೂ ಹಿಡಿಯಲಿಲ್ಲ. ಗಂಡನ ತಾಯಿಗೆ 8. ಹಬ್ಬ, ಮದುವೆ, ಊರಿಗೆ ಹೋಗಿಬರುವುದು, ವಿಮೆ, ಆಸ್ಪತ್ರೆ — ವರ್ಷಕ್ಕೊಮ್ಮೆ ಬಂದು ತಿಂಗಳನ್ನೇ ನುಂಗುವ ಇವನ್ನು 12ರಿಂದ ಭಾಗಿಸಿದಾಗ 6. ಒಟ್ಟು ಎಪ್ಪತ್ತೈದೂವರೆ ಸಾವಿರ. ಈಗಿನ ಉಳಿತಾಯವಾದರೂ ಉಳಿಯಬೇಕೆಂದರೆ ಸುಮಾರು 94 ಸಾವಿರ ಕೈಗೆ ಬರಬೇಕು. ಅಡ್ವಾನ್ಸ್ ಎಂದು ಮನೆ ಮಾಲೀಕರು ಕೇಳಿದ ಎರಡು ಲಕ್ಷ ಬೇರೆ. ಅದಕ್ಕೆ ಆಕೆಯ ಒಡವೆ ಅಡವಿಡುವ ಯೋಚನೆ ಗಂಡನದಾಗಿತ್ತು.

ಲೆಕ್ಕ ಬರೆದ ಚೀಟಿಯನ್ನು ಎರಡು ಸಲ ನೋಡಿದ ಆಕೆ ಕೇಳಿದ್ದು ಒಂದೇ ಮಾತು: ‘ನನ್ನ ಇಪ್ಪತ್ತು ಸಾವಿರ ಎಲ್ಲಿ?’ ನಿಜ. ಆಕೆ ಬಿಟ್ಟುಬರುವ ಸಂಬಳವನ್ನು ಯಾರೂ ಬರೆದಿರಲಿಲ್ಲ; ಕೆಲಸ ಬಿಡುತ್ತೀಯಾ ಎಂದು ಕೇಳಿದವರೂ ಇಲ್ಲ. ಅಣ್ಣನ ಮಾತನ್ನು ಆಕೆ ಹಿಡಿದುಕೊಂಡದ್ದು ಅದಕ್ಕೇ ಎಂದು ನನ್ನ ಅಂದಾಜು. ತಾನು ಹೇಳಿದರೆ ನಡೆಯದು, ಅಂಕಿ ಹೇಳಿದರೆ ನಡೆದೀತು ಎಂಬ ಲೆಕ್ಕ.

ಒಡವೆ ಮುಟ್ಟಬೇಡಿ ಎಂದೆ. ವೇರಿಯಬಲ್ ಹಣವನ್ನು ಮಾಸಿಕ ಸಂಬಳಕ್ಕೆ ಸೇರಿಸಿಕೊಡುವಂತೆ ಸಹಿ ಹಾಕುವ ಮೊದಲೇ ಕೇಳಿ. ಆಮೇಲೆ ಕೇಳಿದರೆ ಯಾರೂ ಕಿವಿಗೊಡರು. ಬೇಸಿಗೆ ರಜೆಯವರೆಗೆ ಅವರೊಬ್ಬರೇ ಪಿಜಿಯಲ್ಲಿ ಇರಲಿ. ಆಕೆ ಈಗಿನ ಕೆಲಸದಲ್ಲಿದ್ದುಕೊಂಡೇ ಬೆಂಗಳೂರಿನ ಶಾಲೆಗಳಿಗೆ ಅರ್ಜಿ ಹಾಕಲಿ, ಕೆಲಸ ಖಚಿತವಾದ ಮೇಲೆ ಮನೆ ಹುಡುಕಿ.

ಕಂಪನಿ ಒಪ್ಪಿತು, ಕೈಗೆ ಬರುವುದು 85 ಸಾವಿರಕ್ಕೆ ಏರಿತು. ಆಕೆಗೆ ಬನಶಂಕರಿಯ ಶಾಲೆಯೊಂದು 26 ಸಾವಿರಕ್ಕೆ ಕರೆದಿದೆ. ಗಂಡನ ಆಫೀಸು ಇರುವುದು ಅಲ್ಲಿಂದ ದೂರದ ಬೆಳ್ಳಂದೂರಿನಲ್ಲಿ. ಮನೆ ಯಾವ ಕಡೆ ಹಿಡಿಯಬೇಕು ಎಂಬ ಹೊಸ ಜಗಳ ಹೊತ್ತು ಮುಂದಿನ ವಾರ ಮತ್ತೆ ಬರುತ್ತಿದ್ದಾರೆ.