ಕೂಸಿನ ಉಸಿರು ನಡುವೆ ನಿಂತಂತೆ ಕಂಡರೆ

ಪ್ರಶ್ನೆ: ಕೂಸಿಗೆ 12 ದಿನ. ನಿದ್ದೆಯಲ್ಲಿ ಬೇಗಬೇಗ ಉಸಿರಾಡಿ, ಆಮೇಲೆ ಕೆಲವು ಕ್ಷಣ ಉಸಿರೇ ಇಲ್ಲದಂತೆ ಮಲಗಿರುತ್ತದೆ. ಚಳಿಗೆಂದು ಬಾಣಂತಿ ಕೋಣೆಯಲ್ಲಿ ಕೆಂಡ ಇಡುತ್ತೇವೆ. ಹೆದರಬೇಕೆ?
— ಒಬ್ಬ ತಾಯಿ, ಮೂಡಿಗೆರೆ

ಉತ್ತರ: ಉಸಿರಾಟವನ್ನು ನಿಯಂತ್ರಿಸುವ ಮೆದುಳಿನ ಭಾಗ ಇನ್ನೂ ಬಲಿಯುತ್ತಿರುವುದರಿಂದ ನವಜಾತ ಶಿಶುಗಳು ಹೀಗೆ ಉಸಿರಾಡುತ್ತವೆ. 5ರಿಂದ 10 ಸೆಕೆಂಡ್ ನಿಂತು, ತಾನಾಗಿಯೇ ಮತ್ತೆ ಶುರುವಾದರೆ, ಮೈಬಣ್ಣ ಬದಲಾಗದಿದ್ದರೆ ಅದು ಸಹಜ.

ಎಣಿಸಿ ನೋಡಿ. ಮಗು ಮಲಗಿದ್ದಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿ ಇಳಿದರೆ ಒಂದು ಉಸಿರು ಎಂದು ಲೆಕ್ಕ ಹಾಕಿ. ಪೂರ್ತಿ ಒಂದು ನಿಮಿಷ ಎಣಿಸಲೇಬೇಕು. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಆ ನಿಲುಗಡೆಗಳಿಂದಾಗಿ ಲೆಕ್ಕ ತಪ್ಪುತ್ತದೆ. 30ರಿಂದ 60ರೊಳಗಿದ್ದರೆ ಸರಿ. 60 ಅಥವಾ ಹೆಚ್ಚು ಬಂದರೆ, ಮಗು ಅಳದೆ ಶಾಂತವಾಗಿರುವಾಗ ಇನ್ನೊಮ್ಮೆ ಎಣಿಸಿ. ಆಗಲೂ ಅಷ್ಟೇ ಇದ್ದರೆ ಅಂದೇ ವೈದ್ಯರಿಗೆ ತೋರಿಸಿ.

ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆಯುವುದು, ಮೂಗಿನ ಹೊಳ್ಳೆ ಅರಳುವುದು, ಪ್ರತಿ ಉಸಿರಿಗೂ ನರಳುವ ಸದ್ದು, ನಾಲಿಗೆ ಅಥವಾ ತುಟಿ ನೀಲಿಯಾಗುವುದು, 20 ಸೆಕೆಂಡ್ ಉಸಿರು ನಿಲ್ಲುವುದು — ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ, 108ಕ್ಕೆ ಕರೆ ಮಾಡಿ. ಮೊದಲ ಒಂದೆರಡು ದಿನ ಅಂಗೈ, ಅಂಗಾಲು ಮಾತ್ರ ನೀಲಿಯಿದ್ದರೆ ಅದು ಬೇರೆ. ನಾಲಿಗೆಯ ಬಣ್ಣವೇ ಮುಖ್ಯ.

ಕೆಂಡವನ್ನು ಮಾತ್ರ ಇಂದೇ ಹೊರಗಿಡಿ. ಮುಚ್ಚಿದ ಕೋಣೆಯಲ್ಲಿ ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ. ತಾಯಿ-ಮಗು ಇಬ್ಬರ ಜೀವಕ್ಕೂ ಅಪಾಯ. ಸಾಂಬ್ರಾಣಿ ಹೊಗೆಯೂ ಬೇಡ. ಮಲೆನಾಡಿನ ಚಳಿಗೆ ಮಗುವನ್ನು ಎದೆಗೆ ಚರ್ಮ ತಾಗುವಂತೆ ಅಪ್ಪಿಕೊಳ್ಳಿ, ಮುಖ ಮುಚ್ಚದಿರಲಿ. ಮಲಗಿಸುವಾಗ ಯಾವಾಗಲೂ ಅಂಗಾತ.