ನೆಟ್‌ವರ್ಕ್ ಸ್ವಿಚ್‌ನ ಲಾಗ್‌ನಲ್ಲಿ (ಘಟನೆಗಳ ದಾಖಲೆಯಲ್ಲಿ) 0ಯಿಂದ 3ರವರೆಗಿನ ಗಂಭೀರತೆಯ ದರ್ಜೆಯ ಸಂದೇಶಗಳನ್ನಷ್ಟೇ ಉಳಿಸಿಕೊಂಡರೆ ಸಾಕೇ?

ಸಾಲದು, ದಯವಿಟ್ಟು ಹಾಗೆ ಮಾಡಬೇಡಿ. ಒಂದು ಕಾಲೇಜಿನ ಸಿಸ್ಕೊ ಕಂಪನಿಯ ಸ್ವಿಚ್‌ಗಳನ್ನು (ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆಗಳನ್ನು) ನೋಡಿಕೊಳ್ಳುತ್ತಿದ್ದಾಗ ನಾನು ಇದನ್ನೇ ಮಾಡಿದ್ದೆ. ಸಂದೇಶಗಳ ಕಾಟ ತಾಳಲಾರದೆ ‘ಲಾಗಿಂಗ್ ಟ್ರ್ಯಾಪ್ ಎರರ್ಸ್’ ಎಂಬ ಆದೇಶ ಕೊಟ್ಟು, 4ರಿಂದ 7ರವರೆಗಿನವು ಲಾಗ್ ಸರ್ವರ್‌ಗೆ ಹೋಗದಂತೆ ತಡೆದೆ. 0 ಅತಿ ಗಂಭೀರ, 7 ಬರೀ ಡೀಬಗ್, ಅಂದರೆ ದೋಷ ಹುಡುಕುವಾಗ ನೋಡುವ ಸಣ್ಣಪುಟ್ಟ ವಿವರ. ಮೇಲಿನ ನಾಲ್ಕು ಸಾಕು ಎಂಬುದು ನನ್ನ ಲೆಕ್ಕ.

ಪರೀಕ್ಷೆಯ ಸಮಯದಲ್ಲೇ ಇಡೀ ನೆಟ್‌ವರ್ಕ್ ನಿಂತುಹೋಯಿತು. ಪ್ರಯೋಗಾಲಯದ ಮೇಜಿನ ಕೆಳಗಿದ್ದ ಅಗ್ಗದ ಪುಟ್ಟ ಸ್ವಿಚ್ಚೊಂದರಿಂದ ಯಾರೋ ಎರಡು ಕೇಬಲ್ ಎಳೆದು ಗೋಡೆಯ ಎರಡು ಪಾಯಿಂಟ್‌ಗಳಿಗೆ ಹಾಕಿದ್ದರು. ಹೀಗೆ ದತ್ತಾಂಶ ಸುತ್ತುತ್ತಲೇ ಇರುವ ಲೂಪ್ ಆಯಿತು. ಇಂಥ ಲೂಪ್ ಪತ್ತೆಹಚ್ಚಿ ತಡೆಯುವುದು ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆ. ಅದಕ್ಕೆ ಬೇಕಾದ ಬಿಪಿಡಿಯು ಸಂದೇಶಗಳನ್ನು ತಡೆಯುವ ಬಿಪಿಡಿಯು ಫಿಲ್ಟರ್ ಆ ಪೋರ್ಟ್‌ಗಳಲ್ಲಿ ಇದ್ದುದರಿಂದ ಸ್ಪ್ಯಾನಿಂಗ್ ಟ್ರೀಗೆ ಲೂಪ್ ತಿಳಿಯಲೇ ಇಲ್ಲ. ಆದರೆ ಸ್ವಿಚ್ ಸುಮ್ಮನಿರಲಿಲ್ಲ. ಒಂದೇ ಮ್ಯಾಕ್ ವಿಳಾಸ (ಸಾಧನದ ಗುರುತಿನ ಸಂಖ್ಯೆ) ಎರಡು ಪೋರ್ಟ್‌ಗಳ ನಡುವೆ ಅತ್ತಿತ್ತ ಹಾರುತ್ತಿದೆ ಎಂದು ಪೋರ್ಟ್‌ಗಳ ಹೆಸರು ಹಿಡಿದು ಹೇಳುತ್ತಿತ್ತು. ಆ ಸಂದೇಶ ‘%ಎಸ್‌ಡಬ್ಲ್ಯು_ಎಂಎಟಿಎಂ-4-ಮ್ಯಾಕ್‌ಫ್ಲ್ಯಾಪ್_ನೋಟಿಫ್’. ನಡುವಿನ ಅಂಕಿ ನೋಡಿ: 4. ನಾನೇ ಕಟ್ಟಿದ ಬೇಲಿಗಿಂತ ಒಂದೇ ಒಂದು ಮೆಟ್ಟಿಲು ಕೆಳಗೆ. ಸರ್ವರ್‌ನಲ್ಲಿ ಅದರ ಸುಳಿವಿಲ್ಲ. ಸ್ವಿಚ್‌ನೊಳಗಿನ ಬಫರ್‌ನಲ್ಲಿ ಇತ್ತು, ಆದರೆ ಬಫರ್ ಇರುವುದು ರ‍್ಯಾಮ್‌ನಲ್ಲಿ. ಗಾಬರಿಯಲ್ಲಿ ಸ್ವಿಚ್ ರೀಬೂಟ್ ಮಾಡಿದ್ದರಿಂದ ಅದೂ ಅಳಿಸಿಹೋಯಿತು. ಮಹಡಿಯಿಂದ ಮಹಡಿಗೆ ಹೋಗಿ ಒಂದೊಂದೇ ಕೇಬಲ್ ಕಿತ್ತು ನೋಡಬೇಕಾಯಿತು. ಅಷ್ಟು ಹೊತ್ತೂ ವಿದ್ಯಾರ್ಥಿಗಳು ಕಾಯುತ್ತಿದ್ದರು.

ನಾನು ಎಡವಿದ್ದು ಆ ಅಂಕಿಯನ್ನು ಓದಿದ ರೀತಿಯಲ್ಲಿ. ಅದು ಆ ಘಟನೆಗೆ ಸಾಫ್ಟ್‌ವೇರ್ ಬರೆದವರು ಮೊದಲೇ ಕೊಟ್ಟಿಟ್ಟ ದರ್ಜೆ. ನಿಮ್ಮ ನೆಟ್‌ವರ್ಕ್‌ಗೆ ಆಗುವ ಹಾನಿಯ ಅಳತೆಯಲ್ಲ. ಸಂಜೆ ಯಾರೋ ಕಂಪ್ಯೂಟರ್ ಆರಿಸಿ ಮನೆಗೆ ಹೋದರೆ ಬರುವುದು ‘%ಲಿಂಕ್-3-ಅಪ್‌ಡೌನ್’. ಅಂದರೆ ನನ್ನ ಸೋಸುವಿಕೆಯಲ್ಲಿ ದಿನನಿತ್ಯದ ಗಲಾಟೆ ಒಳಗೆ ಬಂತು, ಕ್ಯಾಂಪಸ್ಸನ್ನೇ ಮಲಗಿಸಿದ ಲೂಪ್ ಹೊರಗೆ ಉಳಿಯಿತು. ಕೇಬಲ್‌ನ ಎರಡು ತುದಿಗಳ ಡ್ಯೂಪ್ಲೆಕ್ಸ್ (ಒಮ್ಮೆಲೇ ಎರಡೂ ಕಡೆ ಕಳಿಸುವುದೋ, ಸರದಿಯಲ್ಲೋ ಎಂಬ ಸೆಟ್ಟಿಂಗ್) ಹೊಂದಿಕೆಯಾಗದಿದ್ದರೆ ಸಿಡಿಪಿ (ಪಕ್ಕದ ಸಿಸ್ಕೊ ಸಾಧನವನ್ನು ಗುರುತಿಸುವ ವ್ಯವಸ್ಥೆ) ಕೊಡುವ ಎಚ್ಚರಿಕೆಯೂ 4. ಯಾರೋ ಕಾನ್ಫಿಗರೇಶನ್‌ಗೆ ಕೈ ಹಾಕಿದರು ಎನ್ನುವ ‘%ಎಸ್‌ವೈಎಸ್-5-ಕಾನ್ಫಿಗ್_ಐ’ 5. ತೊಂದರೆಯಾದಾಗ ನಾನು ಮೊದಲು ಹುಡುಕುವುದೇ ಇದನ್ನು.

ಆದ್ದರಿಂದ ಯಾವ ಮಟ್ಟದಲ್ಲಿ ಕತ್ತರಿಸಬೇಕು ಎಂಬ ಪ್ರಶ್ನೆಯನ್ನೇ ಬಿಡಿ. ಪೋರ್ಟ್ ನೋಡಿ ಕತ್ತರಿಸಿ. ಕಂಪ್ಯೂಟರ್‌ಗಳಿರುವ ಪೋರ್ಟ್‌ಗಳಿಗೆ ‘ನೋ ಲಾಗಿಂಗ್ ಈವೆಂಟ್ ಲಿಂಕ್-ಸ್ಟೇಟಸ್’ ಕೊಡಿ, ಅರ್ಧಕ್ಕರ್ಧ ಗದ್ದಲ ಅಲ್ಲೇ ಅಡಗುತ್ತದೆ. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಅಪ್‌ಲಿಂಕ್‌ಗಳಿಗೆ ಮಾತ್ರ ಅದನ್ನು ಎಂದಿಗೂ ಕೊಡಬೇಡಿ. ಸರ್ವರ್‌ಗೆ 6ರವರೆಗೂ ಎಲ್ಲವೂ ಹೋಗಲಿ. ಸಂದೇಶ ಓದುವಾಗ ಅಂಕಿಗಿಂತ ಮೊದಲು ಅದರ ನಂತರದ ಹೆಸರನ್ನು ಓದಿ, ಘಟನೆ ಏನೆಂಬುದು ಇರುವುದು ಅಲ್ಲಿ.

ಇನ್ನೊಂದು ವಿಷಯ, ನೀವು ಕೇಳಿಲ್ಲವಾದರೂ: ಸಮಯದ ಮುಂದೆ ನಕ್ಷತ್ರ ಚಿಹ್ನೆ ಕಂಡರೆ ಆ ಸ್ವಿಚ್‌ನ ಗಡಿಯಾರ ಎನ್‌ಟಿಪಿಯೊಂದಿಗೆ (ನೆಟ್‌ವರ್ಕ್ ಮೂಲಕ ಸಮಯ ಹೊಂದಿಸುವ ವ್ಯವಸ್ಥೆ) ಹೊಂದಿಕೊಂಡಿಲ್ಲ ಎಂದರ್ಥ. ಸಿಸ್ಕೊದ ಹಳೆಯ ಕ್ಯಾಟಲಿಸ್ಟ್ ಸ್ವಿಚ್‌ಗಳು ಹಾಗೆ ಬಿಟ್ಟರೆ 1993ರ ಮಾರ್ಚ್ 1ರಿಂದ ಎಣಿಕೆ ಶುರುಮಾಡುತ್ತವೆ. ಎರಡು ಸ್ವಿಚ್‌ಗಳ ಲಾಗ್ ಅಕ್ಕಪಕ್ಕ ಇಟ್ಟು ಯಾವುದು ಮೊದಲು ಕೆಟ್ಟಿತು ಎಂದು ನೋಡಬೇಕಾದರೆ ಮೊದಲು ಎನ್‌ಟಿಪಿ ಸರಿಪಡಿಸಿ.